ಇಬ್ಬರು ಬನವ್ವ, ಒಂದೇ ಸಾಲು

ಗುಳೇದಗುಡ್ಡದ ಬನವ್ವ ಸಂಗಪ್ಪ ಹಳ್ಳೂರ ಎಂಬ ಎಪ್ಪತ್ತೇಳು ವರ್ಷದ ಹೆಂಗಸಿನ ರಕ್ತ ಆ ಬುಧವಾರ ಬೆಳಿಗ್ಗೆ ಎಂಟೂವರೆಗೆ ನೀರಿನಷ್ಟು ತೆಳ್ಳಗಿತ್ತು. ಎಂಟು ನಲವತ್ತಕ್ಕೆ ಗಟ್ಟಿಯಾಗಿತ್ತು. ಹತ್ತು ನಿಮಿಷದಲ್ಲಿ ಯಾರ ರಕ್ತವೂ ಹೀಗೆ ಬದಲಾಗುವುದಿಲ್ಲ. ಧಾರವಾಡದ ನಮ್ಮ ನಿಯಂತ್ರಣ ಕೊಠಡಿಯ ಗೋಡೆಪರದೆಯ ಮೇಲೆ ಅವಳ ಹೆಸರು ಕೆಂಪಗೆ ಮಿನುಗಿತು. ಯಂತ್ರದ ಸೂಜಿ ಕೆಟ್ಟಿರಬೇಕು ಅಂದುಕೊಂಡು ನಾನು ಚಹಾ ತರಲು ಎದ್ದೆ. ಈ ಕಥೆಯಲ್ಲಿ ನಾನು ಮಾಡಿರುವ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು.

ಇದು ೨೦೫೧ರ ಸೆಪ್ಟೆಂಬರ್ ಮಾತು. ಅದಕ್ಕೂ ಎಷ್ಟೋ ವರ್ಷ ಮೊದಲು ಮಾತ್ರೆಗಳು ಎಲ್ಲೋ ಕಾರ್ಖಾನೆಯಲ್ಲಿ ತಯಾರಾಗಿ, ಊರಿಗೆಲ್ಲ ಒಂದೇ ಅಳತೆಯಲ್ಲಿ ಬರುತ್ತಿದ್ದವಂತೆ. ಮೈಯೇ ಮಾತ್ರೆಗೆ ಹೊಂದಿಕೊಳ್ಳಬೇಕಾಗಿತ್ತು. ಆಮೇಲೆ ಮಾತ್ರೆಮನೆಗಳು ಬಂದವು. ಓಣಿಗೊಂದು ಕೋಣೆ, ಅದರೊಳಗೆ ಬೀರುವಿನಷ್ಟು ದೊಡ್ಡ ಯಂತ್ರ. ಬೆಳಿಗ್ಗೆ ಹೋಗಿ ಬೆರಳು ಚಾಚಿದರೆ ಯಂತ್ರ ಒಂದು ಹನಿ ರಕ್ತ ತೆಗೆದುಕೊಂಡು, ನಿಮ್ಮ ಹಿಂದಿನ ತೊಂಬತ್ತು ದಿನಗಳ ಅಂಕಿ ನೋಡಿ, ಪುಡಿಗಳನ್ನು ಬೆರೆಸಿ, ಆ ದಿನದ ಮಾತ್ರೆಯನ್ನು ಅಲ್ಲೇ ಒತ್ತಿ ಕೊಡುತ್ತಿತ್ತು. ನಿನ್ನೆ ನೀವು ಉಪ್ಪಿನಕಾಯಿ ಹೆಚ್ಚು ತಿಂದಿದ್ದರೆ ಇವತ್ತಿನ ಮಾತ್ರೆಗೆ ಅದು ಗೊತ್ತಿರುತ್ತಿತ್ತು. ಆದರೆ ನೀವು ಯಾರು ಅನ್ನುವುದು ಮಾತ್ರ ಯಂತ್ರಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಡೇಟಾಬೇಸಿನಲ್ಲಿ ನಿಮ್ಮ ಹೆಸರಿನ ಒಂದು ಸಾಲು, ಅಷ್ಟೇ.

ಆ ಸಾಲನ್ನು ಬರೆಯುವ ಫಾರ್ಮ್ ಮಾಡಿದವಳು ನಾನು, ರೋಹಿಣಿ ಗಂಜಿಹಾಳ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು, ಊರು, ಹುಟ್ಟಿದ ತೇದಿ. ಕೆಳಗೆ 'ಉಳಿಸು' ಎಂಬ ಹಸಿರು ಗುಂಡಿ. ಬೆರಳಚ್ಚು ಯಾಕಿಲ್ಲ ಎಂದು ನೀವು ಕೇಳಬಹುದು. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರು ಹೆಚ್ಚು. ಎಳವೆಯಿಂದ ನೂಲಿನ ಕಂಡಿಕೆ ಸುತ್ತಿದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಗುರುತಿನ ಚೀಟಿಯ ಸಂಖ್ಯೆಯನ್ನು ಆರೋಗ್ಯದ ಲೆಕ್ಕಕ್ಕೆ ಸೇರಿಸಬಾರದೆಂದು ಕಾನೂನಿತ್ತು. ಹಾಗಾಗಿ ಆ ಐದು ಮಾಹಿತಿ ಕೂಡಿದರೆ ಒಬ್ಬ ಮನುಷ್ಯ ಎಂದು ನಾನು ತೀರ್ಮಾನಿಸಿದ್ದೆ.

ಅದಕ್ಕೂ ಒಂದು ಕಾರಣವಿತ್ತು. ಬಿಸಿಲು ಏರಿದಾಗ ನೆಟ್‌ವರ್ಕ್ ನಿಧಾನವಾಗುತ್ತಿತ್ತು. ಆಪರೇಟರುಗಳು 'ಉಳಿಸು' ಒತ್ತುವುದು, ಚಕ್ರ ತಿರುಗುವುದು, ತಾಳ್ಮೆ ಕೆಟ್ಟು ಮತ್ತೆ ಒತ್ತುವುದು. ಒತ್ತಿದಷ್ಟು ಸಲ ಒಂದೊಂದು ಹೊಸ ಸಾಲು. ಹುಚ್ಚಪ್ಪ ಎಂಬ ಒಬ್ಬ ಹಿರಿಯರಿಗೆ ಹೀಗೆ ಮೂರು ಸಾಲುಗಳಾಗಿ, ದಿನಕ್ಕೆ ಮೂರು ಮಾತ್ರೆ ಬಂದು, ಪಾಪ, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮೂಲೆಯಲ್ಲಿ ಗೊರಕೆ ಹೊಡೆಯುತ್ತ ಮಲಗಿದ್ದರು. ಆಗ ನಾನೊಂದು ನಿಯಮ ಬರೆದೆ. ಐದೂ ಮಾಹಿತಿ ಒಂದೇ ಆಗಿದ್ದರೆ ಹೊಸ ಸಾಲು ಬೇಡ, ಹಳೆಯ ಸಾಲಿನ ಮೇಲೇ ಬರೆ. ಈಗಾಗಲೇ ಎರಡಾಗಿರುವ ಸಾಲುಗಳನ್ನು ಕೂಡಿಸಿ ಒಂದು ಮಾಡು. ಸೆಪ್ಟೆಂಬರ್ ಮೂರರ ಭಾನುವಾರ ಗುಳೇದಗುಡ್ಡದ ಒಂದು ಮಾತ್ರೆಮನೆಯಲ್ಲಿ ಅದನ್ನು ಜಾರಿಗೆ ತಂದೆ. ಮುನ್ನೂರು ಸಾಲುಗಳಲ್ಲಿ ಮೂವತ್ತೊಂದು ಜೋಡಿಗಳು ಕೂಡಿಕೊಂಡವು. ಒಂದು ತಿಂಗಳ ಪರೀಕ್ಷೆ ಮುಗಿದ ಮೇಲೆ ಇಡೀ ರಾಜ್ಯಕ್ಕೆ ಎಂದಾಗಿತ್ತು. ನಮ್ಮ ಕೊಠಡಿಯಲ್ಲಿ ಚಪ್ಪಾಳೆ ತಟ್ಟಿ ಪೇಢೆ ಹಂಚಿದರು. ನಾನು ಎರಡು ತಿಂದೆ.

ಈಗ ಆ ಮಾತ್ರೆಮನೆಯ ಆಪರೇಟರ್ ಬಗ್ಗೆ ಹೇಳಬೇಕು. ಮೆಹಬೂಬಸಾಬ ನದಾಫ, ಎಪ್ಪತ್ತರ ಮೇಲಿನವರು. ನಲವತ್ತು ವರ್ಷ ಕಚೇರಿಯೊಂದರ ಹೊರಗಿನ ಬೇವಿನ ಮರದಡಿ ಕೂತು ಜನರಿಗೆ ಅರ್ಜಿ ಬರೆದುಕೊಟ್ಟವರು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ನನ್ನ ಫಾರ್ಮಿನ ಕಟ್ಟಕಡೆಗೆ 'ಷರಾ' ಎಂಬ ಒಂದು ಕಾಲಂ ಇತ್ತು. ಹಳೆಯ ಸರ್ಕಾರಿ ರಿಜಿಸ್ಟರುಗಳಲ್ಲಿ ಇರುತ್ತಿತ್ತಲ್ಲ, ಹೆಚ್ಚಿನ ಮಾತೇನಾದರೂ ಇದ್ದರೆ ಬರೆಯಲಿಕ್ಕೆ, ಅದೇ. ಬೇರೆ ಊರಿನ ಆಪರೇಟರುಗಳೆಲ್ಲ ಅಲ್ಲೊಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದರು. ನದಾಫರು ಮಾತ್ರ ಅಲ್ಲಿ ಪುರಾಣವನ್ನೇ ಬರೆಯುತ್ತಿದ್ದರು.

"ಅಕ್ಕಾರ, ಷರಾದಾಗ ಜಾಗ ಸಾಲವಲ್ದು," ಎಂದು ಆ ನಿಯಮಕ್ಕೂ ಮುಂಚೆಯೇ ಒಮ್ಮೆ ಫೋನ್ ಮಾಡಿದರು. ಜಾಗ ಹೆಚ್ಚಿಸಿದೆ. ವಾರದ ಮೇಲೆ ಮತ್ತೆ ಫೋನ್.

"ಅಕ್ಕಾರ, ನಿನ್ನಿ ಬರದದ್ದು ಷರಾ ಎಲ್ಲಿ ಹೋತ್ರಿ?"

"ಹೊಸಾದು ಬರದ್ರ ಹಳೇದು ಅಳಸಿ ಹೋಗ್ತದ್ರಿ ನದಾಫ ಅವ್ರ. ಅದು ಹಂಗ ಇರೂದು."

"ಅದೆಂಥಾದ್ರಿ! ಫೈಲಿನ್ಯಾಗ ಒಬ್ಬ ಸಾಹೇಬ್ರು ಬರದದ್ದನ್ನ ಇನ್ನೊಬ್ಬ ಸಾಹೇಬ್ರು ಅಳಸತಾರೇನ್ರಿ? ಅದರ ಕೆಳಗ ಬರೀತಾರ. ಮ್ಯಾಲಿನವ್ರು ಓದಿ, 'ನೋಡಿದೆ' ಅಂತ ಸಣ್ಣ ಸಹಿ ಹಾಕತಾರ. ಷರಾ ಅಂದ್ರ ಅದು."

ಪುಣ್ಯಕ್ಕೆ ನನಗೆ ಸಿಟ್ಟು ಬಂತು. ಈ ಮನುಷ್ಯನ ಬಾಯಿ ಮುಚ್ಚಿಸಬೇಕೆಂದು, ಷರಾ ಒಂದನ್ನು ಮಾತ್ರ ಅಳಿಸದೆ, ತೇದಿ ವೇಳೆಯೊಂದಿಗೆ ಹಳೆಯದರ ಕೆಳಗೆ ಹೊಸದನ್ನು ಸೇರಿಸುವಂತೆ ಬದಲಾಯಿಸಿದೆ. ಎರಡು ನಿಮಿಷದ ಕೆಲಸ. ಆಮೇಲೆ ಅವರ ನಂಬರನ್ನು ನನ್ನ ಫೋನಿನಲ್ಲಿ ಸದ್ದು ಮಾಡದ ಪಟ್ಟಿಗೆ ಸೇರಿಸಿಬಿಟ್ಟೆ. ಆ ಷರಾಗಳನ್ನು ಓದಲು ಧಾರವಾಡದಲ್ಲಿ ಯಾರೂ ಇರಲಿಲ್ಲ ಎನ್ನುವುದನ್ನು ಅವರಿಗೆ ಹೇಳಲಿಲ್ಲ.

ಆ ಬುಧವಾರ ಹನ್ನೊಂದೂವರೆಗೆ ಬಾಗಲಕೋಟೆಯ ಆಸ್ಪತ್ರೆಯಿಂದ ಡಾಕ್ಟರ್ ಇಂದುಮತಿ ಕುಷ್ಟಗಿ ಫೋನ್ ಮಾಡಿದರು.

"ಬನವ್ವ ಹಳ್ಳೂರ ಅನ್ನಾಕಿ ರಕ್ತ ಕಾರಿಕೊಂಡು ಬಂದಾಳ. ಹೊಟ್ಯಾಗ ಹಳೇ ಹುಣ್ಣು ಅದ. ಈಕಿಗೆ ರಕ್ತ ತೆಳ್ಳಗ ಮಾಡೂ ಮಾತ್ರಿ ಯಾಕ ಕೊಟ್ಟೀರಿ?"

ನಾನು ಪರದೆ ನೋಡಿದೆ. "ಎದಿಯೊಳಗ ಲೋಹದ ಕವಾಟ ಹಾಕ್ಯಾರಲ್ರಿ, ಅದಕ್ಕ."

"ಈಕಿ ಎದಿಯೊಳಗ ಯಾವ ಕವಾಟನೂ ಇಲ್ರೀ! ಕವಾಟ ಇರಾಕಿ ಈಕಿ ಕಾಲ ಹತ್ರ ಕುಂತು ಅಳ್ಳಾಕತ್ಯಾಳ. ಆಕಿ ಹೆಸರೂ ಬನವ್ವ ಸಂಗಪ್ಪ ಹಳ್ಳೂರನ."

ಪರದೆಯಲ್ಲಿ ಮತ್ತೆ ಹುಡುಕಿದೆ. ಆ ಹೆಸರಿನವಳು ಒಬ್ಬಳೇ ಇದ್ದಳು.

ಆಮೇಲೆ ತಿಳಿದದ್ದು ಇಷ್ಟು. ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಮಕ್ಕಳಾದ ಇಬ್ಬರ ಹೆಂಡಂದಿರು. ಆ ಇಬ್ಬರಿಗೂ ಒಬ್ಬನೇ ಅಜ್ಜನ ಹೆಸರು ಇಟ್ಟು ಇಬ್ಬರೂ ಸಂಗಪ್ಪ ಆಗಿದ್ದರು. ಬನಶಂಕರಿಯ ಸೀಮೆಯಲ್ಲಿ ಬನವ್ವ ಎಂಬ ಹೆಸರಿಗೆ ಬರವಿಲ್ಲ. ಓಣಿಯವರು ಒಬ್ಬಳನ್ನು ದೊಡ್ಡ ಬನವ್ವ, ಇನ್ನೊಬ್ಬಳನ್ನು ಸಣ್ಣ ಬನವ್ವ ಎಂದು ಕರೆಯುತ್ತಿದ್ದರು. ಎದೆಯಲ್ಲಿ ಕವಾಟ ಇದ್ದವಳು ದೊಡ್ಡವಳು. ಈಗ ರಕ್ತ ಕಾರುತ್ತಿದ್ದವಳು ಸಣ್ಣವಳು.

"ಸಣ್ಣ ಬನವ್ವನ ಹೊಟ್ಟಿಗೆ ಎಷ್ಟು ಮಾತ್ರಿ ಹೋಗ್ಯಾವ, ಯಾವ್ಯಾವ ದಿನ ಹೋಗ್ಯಾವ, ನನಗ ಹೇಳ್ರಿ," ಎಂದರು ಡಾಕ್ಟರ್. "ಈ ಪುಡಿ ಎಲುಬಿನೊಳಗ ಸೇರಿ ಕುಂದ್ರತದ, ಪರೀಕ್ಷಾದಾಗ ಪೂರ್ತಿ ಕಾಣಂಗಿಲ್ಲ. ಮಾರುಮದ್ದು ಕಡಿಮಿ ಕೊಟ್ರ ರಕ್ತ ನಿಲ್ಲಂಗಿಲ್ಲ. ಹೆಚ್ಚು ಕೊಟ್ರ ಹೆಪ್ಪುಗಟ್ಟಿ ಮಿದುಳಿಗೆ ಹೋಗ್ತದ. ಒಂದು ತಾಸು ತಡೀತೀನಿ."

"ಅವ್ರನ್ನ ಕೇಳಿದ್ರೇನು?"

"ಒಬ್ಬಾಕಿ ಹತ್ತು ಅಂತಾಳ. ಇನ್ನೊಬ್ಬಾಕಿ, 'ಲೆಕ್ಕಾ ಯಾರು ಇಟ್ಟಾರ ಯವ್ವಾ' ಅಂತಾಳ. ನೀವಿರೂದು ಯಾಕ ಮತ್ತ?"

ಸರಿಯಾದ ಪ್ರಶ್ನೆ. ನಾನು ಸಾಲನ್ನು ತೆರೆದೆ. ಇಪ್ಪತ್ನಾಲ್ಕು ದಿನ, ಇಪ್ಪತ್ನಾಲ್ಕು ಮಾತ್ರೆ. ಎಲ್ಲವೂ ಒಬ್ಬಳೇ ಬನವ್ವನ ಹೆಸರಿಗೆ. ಹಳೆಯ ನಕಲು ಪ್ರತಿಯಿಂದ ಸೆಪ್ಟೆಂಬರ್ ಮೂರರವರೆಗಿನ ಇಬ್ಬರನ್ನೂ ಬೇರೆ ಮಾಡಬಹುದಿತ್ತು. ಆದರೆ ಡಾಕ್ಟರಿಗೆ ಬೇಕಾದದ್ದು ಅದರ ಆಚೆಯ ದಿನಗಳು. ಅಲ್ಲಿ ಇಬ್ಬರೂ ಹಾಲಿಗೆ ನೀರು ಕೂಡಿದ ಹಾಗೆ ಕೂಡಿಹೋಗಿದ್ದರು.

ಅಷ್ಟರಲ್ಲೂ ನನ್ನ ತಲೆ ಒಂದು ವಿಷಯಕ್ಕೆ ತಗುಲಿ ನಿಂತಿತ್ತು. ಹೆಸರು ಒಂದೇ ಇರಲಿ, ಗಂಡಂದಿರ ಹೆಸರೂ ಇರಲಿ. ಹುಟ್ಟಿದ ತೇದಿ ಹೇಗೆ ಒಂದೇ? ಇಬ್ಬರಿಗೂ ೧೯೭೪ರ ಜೂನ್ ೧. ಆ ಮಾತ್ರೆಮನೆಯಲ್ಲಿ ಎಪ್ಪತ್ತು ದಾಟಿದವರನ್ನೆಲ್ಲ ತೇದಿಯ ಪ್ರಕಾರ ಸಾಲಾಗಿ ನಿಲ್ಲಿಸಿದೆ. ನೂರಾ ಹದಿನೆಂಟು ಜನ. ಅವರಲ್ಲಿ ತೊಂಬತ್ತೇಳು ಮಂದಿ ಜೂನ್ ಒಂದರಂದೇ ಹುಟ್ಟಿದ್ದರು.

ಮನೆಗೆ ಫೋನ್ ಹಚ್ಚಿದೆ. ಅವ್ವ ಒಗ್ಗರಣೆ ಹಾಕುತ್ತಿದ್ದಳು, ಚಟಪಟ ಕೇಳಿಸಿತು.

"ಅವ್ವಾ, ನಿನ್ನ ಹುಟ್ಟಿದ ದಿನ ಯಾವಾಗ?"

"ಮಹಾನವಮಿ ಮರುದಿನ. ಯಾಕ?"

"ಅಲ್ಲ, ಕಾಗದದಾಗ?"

"ಜೂನ್ ಒಂದು. ಸಾಲಿಗೆ ಹೆಸರು ಹಚ್ಚೂ ಮುಂದ ಹೆಡ್‌ಮಾಸ್ತರ್ರು ಬರ್ಕೊಂಡದ್ದು. ಆಗ ಯಾರ ಮನ್ಯಾಗ ತೇದಿ ಬರದಿಡ್ತಿದ್ರು? ಸಾಲಿ ಸುರು ಆಗೂದು ಜೂನ್ ಒಂದಕ್ಕ, ಎಲ್ಲಾ ಹುಡುಗ್ರೂ ಅವತ್ತ ಹುಟ್ಟೂದು. ನಿನಗ ಗೊತ್ತಿಲ್ಲೇನು? ನನ್ನ ಫಾರ್ಮ್ ಎಲ್ಲಾ ನೀನ ತುಂಬತಿ!"

ಹೌದು, ನಾನೇ ತುಂಬುತ್ತಿದ್ದೆ. ಹತ್ತು ವರ್ಷದಿಂದ ಫಾರ್ಮುಗಳಲ್ಲಿ ಜೂನ್ ಒಂದು ಎಂದು ಬರೆದಿದ್ದೆ, ಮಹಾನವಮಿಯ ಮರುದಿನ ಅವಳ ಕೈಯ ಹೂರಣದ ಹೋಳಿಗೆ ತಿಂದಿದ್ದೆ. ಇವೆರಡೂ ಬೇರೆ ಬೇರೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ಹುಟ್ಟಿದವಳು. ನನಗೆ ತೇದಿಯೇನು, ನಿಮಿಷವೂ ಇದೆ. ಎಲ್ಲರಿಗೂ ಇದೆ ಅಂದುಕೊಂಡು ಆ ನಿಯಮ ಬರೆದಿದ್ದೆ.

ಹದಿನೈದು ನಿಮಿಷ ಹೋಗಿತ್ತು. ಬನವ್ವನ ಸಾಲಿಗೆ ಮರಳಿ, ಒಂದೊಂದೇ ಕಾಲಂ ನೋಡುತ್ತ ಬಲಕ್ಕೆ ಸರಿದೆ. ಎಲ್ಲವೂ ಒಂದರ ಮೇಲೊಂದು ಬರೆದು ಅಳಿಸಿಹೋಗಿದ್ದವು. ಕಟ್ಟಕಡೆಯ ಕಾಲಂ ಮಾತ್ರ ತೆರೆದಂತೆ ಉದ್ದಕ್ಕೆ ಇಳಿಯಿತು, ಮತ್ತೆ ಇಳಿಯಿತು.

'ತಾ. ೪, ಬೆ. ೮.೩೨. ದೊಡ್ಡ ಬನವ್ವ ಬಂದಳು. ಮಾತ್ರೆ ಬಂತು, ಒಯ್ದಳು. ೮.೪೧. ಸಣ್ಣ ಬನವ್ವ ಬಂದು ರಕ್ತ ಕೊಟ್ಟಳು. ಈಗಾಗಲೇ ಕೊಟ್ಟಾಗಿದೆ ಎಂದು ಯಂತ್ರ ಹೇಳಿತು. ಇವರು ಇಬ್ಬರಿರುತ್ತಾರೆ, ಒಬ್ಬರಲ್ಲ. ಮೇಲಿನವರು ಗಮನಿಸಬೇಕು.'

'ತಾ. ೫. ಇಂದಿನ ಮಾತ್ರೆ ಸಣ್ಣ ಬನವ್ವ ಒಯ್ದಳು. ನಿನ್ನೆ ದೊಡ್ಡವಳಿಗೆ ಸಿಕ್ಕಿದ್ದರಿಂದ ಇಂದು ತನಗೆ ಎಂದು ಇಬ್ಬರೂ ಮಾತಾಡಿಕೊಂಡಿರುತ್ತಾರೆ. ಹಾಗೆ ಮಾಡಬಾರದೆಂದು ತಿಳಿಹೇಳಿದೆ. ಸರ್ಕಾರದ ಯಂತ್ರವೇ ಒಬ್ಬರೆಂದ ಮೇಲೆ ಹಂಚಿಕೊಳ್ಳದೆ ಏನು ಮಾಡುವುದು ಎಂದರು. ಧಾರವಾಡಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಮೇಲಿನವರು ಗಮನಿಸಬೇಕು.'

ಹೀಗೆ ಹದಿಮೂರರವರೆಗೆ ದಿನಕ್ಕೊಬ್ಬರಂತೆ ಪಾಳಿ.

'ತಾ. ೧೪. ಇಂದಿನಿಂದ ಮಾತ್ರೆಯನ್ನು ಅಡಕತ್ತರಿಯಿಂದ ಎರಡು ಹೋಳು ಮಾಡಿ ಇಬ್ಬರೂ ನುಂಗುತ್ತಿದ್ದಾರೆ. ಮೇಲಿನವರು ಗಮನಿಸಬೇಕು.'

'ತಾ. ೧೯. ದೊಡ್ಡ ಬನವ್ವ ಮಗಳ ಊರಿಗೆ ಹೋದಳು. ಮಾತ್ರೆ ಹಾಳಾಗಬಾರದೆಂದು ಸಣ್ಣ ಬನವ್ವ ಇಡೀ ಮಾತ್ರೆ ನುಂಗಿದಳು. ಇದು ಸರಿಯಲ್ಲ. ಫೋನ್ ಎತ್ತಲಿಲ್ಲ. ಮೇಲಿನವರು ದಯವಿಟ್ಟು ಗಮನಿಸಬೇಕು.'

ಇಪ್ಪತ್ತೈದರವರೆಗೆ ಏಳು ದಿನ ಇಡೀ ಮಾತ್ರೆ. ದೊಡ್ಡವಳು ಮರಳಿದ ಮೇಲೆ ಇಪ್ಪತ್ತಾರು, ಇಪ್ಪತ್ತೇಳು ಮತ್ತೆ ಹೋಳು. ನಲವತ್ತು ವರ್ಷ ಅರ್ಜಿ ಬರೆದ ಮನುಷ್ಯ. ಷರಾದಲ್ಲಿ ಬರೆದದ್ದನ್ನು ಮೇಲೆ ಯಾರೋ ಒಬ್ಬರು ಓದಿಯೇ ಓದುತ್ತಾರೆ ಎಂದು ನಂಬಿದ್ದರು. ಇಪ್ಪತ್ನಾಲ್ಕು ದಿನ ಬರೆದಿದ್ದರು. ಓದಬೇಕಾದ ಮೇಲಿನವಳು ಪೇಢೆ ತಿಂದು ಕೂತಿದ್ದಳು. ನನಗೆ ಅಳು ಬಂತು, ನಾಚಿಕೆಯೂ ಆಯಿತು. ಆದರೆ ಅವೆರಡಕ್ಕಿಂತ ಮೊದಲು ಬಂದದ್ದು ಆ ಎರಡು ಬೆರಳುಗಳ ಮೇಲಿನ ಕೃತಜ್ಞತೆ. ಕೀಬೋರ್ಡಿಗೇ ಕೈ ಮುಗಿದೆ, ಪಕ್ಕದವರು ನೋಡಿದರೆ ನೋಡಲಿ ಎಂದು.

ಸಣ್ಣ ಬನವ್ವನ ಪಾಲು ಎಣಿಸಿದೆ: ಐದು ಇಡೀ, ಐದು ಹೋಳು, ಏಳು ಇಡೀ, ಎರಡು ಹೋಳು.

"ಹದಿನೈದೂವರಿ ಮಾತ್ರಿ, ಡಾಕ್ಟರ್. ಅದರಾಗ ಏಳು, ಹತ್ತೊಂಬತ್ತರಿಂದ ಇಪ್ಪತ್ತೈದರ ತನಕ, ದಿನಾ ಒಂದೊಂದು."

"ಖಾತ್ರಿ ಏನು?"

"ಬರದಿಟ್ಟಾರ್ರಿ. ವೇಳೆ ಸುದ್ದಾ ಬರದಿಟ್ಟಾರ."

ಇಪ್ಪತ್ನಾಲ್ಕು ಎಂದು ಹಿಡಿದಿದ್ದರೆ ಆಕೆ ಉಳಿಯುತ್ತಿರಲಿಲ್ಲ, ಹನ್ನೆರಡು ಎಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರ್ ಆಮೇಲೆ ಹೇಳಿದರು. ಮಧ್ಯಾಹ್ನ ನಾಲ್ಕಕ್ಕೆ ಫೋನ್ ಬಂತು. ರಕ್ತ ನಿಂತಿತ್ತು. ದೊಡ್ಡ ಬನವ್ವನ ಕವಾಟಕ್ಕೂ ಅಪಾಯ ಕಾದಿತ್ತು, ಅವಳಿಗೂ ಸರಿಯಾದ ಮಾತ್ರೆ ಒತ್ತಿಕೊಟ್ಟಿದ್ದರು. ನಾನು ಆ ನಿಯಮವನ್ನು ಕಿತ್ತುಹಾಕಿ, ಉಳಿದ ಮೂವತ್ತು ಜೋಡಿಗಳ ಷರಾಗಳನ್ನು ಸಂಜೆಯೊಳಗೆ ಓದಿ ಮುಗಿಸಿದೆ. ಇಪ್ಪತ್ನಾಲ್ಕು ಜೋಡಿ ನಿಜಕ್ಕೂ ಒಬ್ಬರೇ. ಇನ್ನೂ ಆರು ಜೋಡಿ ಇಬ್ಬಿಬ್ಬರು. ಒಂದೊಂದರಲ್ಲೂ ಯಾರು ಯಾವಾಗ ಬಂದರು, ಏನು ಒಯ್ದರು ಎಂದು ಬರೆದಿತ್ತು. ಇನ್ನು ಆರು ದಿನ ಕಳೆದಿದ್ದರೆ ನನ್ನ ನಿಯಮ ರಾಜ್ಯಕ್ಕೆಲ್ಲ ಹೋಗುತ್ತಿತ್ತು. ಷರಾದಲ್ಲಿ ಚುಕ್ಕಿ ಇಡುವ ಊರುಗಳಿಗೆ.

ಮೂರು ವಾರದ ಮೇಲೆ ಗುಳೇದಗುಡ್ಡಕ್ಕೆ ಹೋದೆ. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋದೆ. ಸಣ್ಣ ಬನವ್ವ ಕುಣಿಮಗ್ಗದ ಪಕ್ಕದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ದೊಡ್ಡ ಬನವ್ವ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು.

"ನಂದ ತಪ್ಪು ಅಜ್ಜಿ," ಎಂದೆ. "ನಿಮ್ಮಿಬ್ಬರನ್ನ ಒಬ್ಬರಂತ ತಿಳ್ಕೊಂಡಿದ್ದೆ."

"ನೀ ಅಷ್ಟ ಅಲ್ಲ ಯವ್ವಾ, ಐವತ್ತು ವರ್ಷದಿಂದ ಓಣಿ ಮಂದಿನೂ ಹಂಗ ತಿಳ್ಕೊಂಡಾರ," ಎಂದಳು ಸಣ್ಣ ಬನವ್ವ. "ಈಕಿ ಯಾರಿಗರೆ ಬೈದ್ರ ನನ್ನ ಹೆಸರಿಗೆ ಬರತೈತಿ."

"ಹಂಚ್ಕೊಂಡು ನುಂಗಬಾರದಿತ್ತು ಅಜ್ಜಿ."

"ಹಂಚ್ಕೊಳ್ಳದ ನಮಗ ಯಾವದು ರೂಢಿ ಐತಿ?" ಎಂದಳು ದೊಡ್ಡ ಬನವ್ವ. ಆಮೇಲೆ ಎಣ್ಣೆಗೈಯಲ್ಲೇ ನನ್ನ ಗಲ್ಲ ಹಿಡಿದಳು. "ಈಕಿನ್ನ ಉಳಿಸಿ ಕೊಟ್ಟೀರಿ. ನಿನಗ ಒಳ್ಳೇದಾಗ್ಲಿ."

ಉಳಿಸಿದ್ದು ನಾನಲ್ಲ ಎಂದೆ. ಕೇಳುವವರಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಬಯ್ಯುವ ಬದಲು ಉಣಿಸುವವರ ಮುಂದೆ ಕೂರುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಇಬ್ಬರ ಜೊತೆಯಲ್ಲೇ ಮಾತ್ರೆಮನೆಗೆ ನಡೆದೆ. ನದಾಫರು ಎದ್ದು ನಿಂತರು. ತೆಳ್ಳಗಿನ ಮನುಷ್ಯ, ದಪ್ಪ ಗಾಜಿನ ಕನ್ನಡಕ.

"ಅಕ್ಕಾರ, ನೀವ್ಯಾಕ ಬರಾಕ ಹೋದ್ರಿ? ಫೋನ್ ಮಾಡಿದ್ರ ಆಗತಿತ್ತಲ್ರಿ."

"ಫೋನಿನ ಸುದ್ದಿ ತಗೀಬ್ಯಾಡ್ರಿ ಕಾಕಾ," ಎಂದೆ. "ಕಾಲು ಮುಟ್ಟಲಿಕ್ಕೆ ಬಂದೀನಿ."

"ಏ, ಬಿಡ್ರಿ, ಬಿಡ್ರಿ," ಎಂದು ಹಿಂದೆ ಸರಿದು ಯಂತ್ರಕ್ಕೆ ಬೆನ್ನು ತಾಗಿಸಿದರು. ನಾನು ಬಿಡಲಿಲ್ಲ.

"ಒಂದ ಮಾತು ಕೇಳ್ಲೇನು ಕಾಕಾ? ನೀವು ಹುಟ್ಟಿದ್ದು?"

"ಜೂನ್ ಒಂದ್ರಿ," ಎಂದು ನಕ್ಕರು. "ಖರೇ ಕೇಳಿದ್ರ, ನಮ್ಮವ್ವ ಗಾದಿಗೆ ಹತ್ತೀ ಅರಳಿ ಹಿಂಜಾಕತ್ತಾಗ. ಮನಿ ತುಂಬ ಅರಳಿ ಹಾರ್ಯಾಡತಿತ್ತಂತ, ನಾ ಸೀನಿಕೋತನ ಹುಟ್ಟಿದೆ ಅಂತಿದ್ಲು."

ಅಷ್ಟರಲ್ಲಿ ದೊಡ್ಡ ಬನವ್ವ ಬೆರಳು ಚಾಚಿದಳು. ಒಂದು ಮಾತ್ರೆ ಬಿತ್ತು. ಸಣ್ಣ ಬನವ್ವ ಬೆರಳು ಚಾಚಿದಳು. ಯಂತ್ರ ಒಂದು ಗಳಿಗೆ ಗುಂಯ್‌ಗುಟ್ಟಿತು. ಇನ್ನೊಂದು ಮಾತ್ರೆ ಬಿತ್ತು, ಬಣ್ಣವೂ ಬೇರೆ. ಇಬ್ಬರೂ ಅಂಗೈಯಲ್ಲಿಟ್ಟು ಹೋಲಿಸಿ ನೋಡಿಕೊಂಡು, ತಮ್ಮತಮ್ಮದನ್ನು ನುಂಗಿದರು.

ನದಾಫರು ಕೂತು ಎರಡು ಬೆರಳಿನಲ್ಲಿ ಕುಟ್ಟತೊಡಗಿದರು. 'ಬೆ. ೮.೩೬. ಇಬ್ಬರೂ ಬಂದರು. ಎರಡು ಮಾತ್ರೆ ಬಂದವು. ಮೇಲಿನವರು ಗಮನಿಸಬೇಕು.' 'ಉಳಿಸು' ಒತ್ತಿದರು. ಒಂದೇ ಸಲ.

ಧಾರವಾಡದಲ್ಲಿ ಷರಾ ಓದಲೆಂದೇ ಈಗ ಆರು ಜನರನ್ನು ಕೂರಿಸಿದ್ದೆವು. ಈ ಒಂದನ್ನು ಮಾತ್ರ ನನ್ನ ಫೋನಿಗೆ ಬರುವಂತೆ ಮಾಡಿದ್ದೆ. ಫೋನ್ ಸದ್ದು ಮಾಡಿತು. ಓದಿ, ಗುಂಡಿ ಒತ್ತಿದೆ. ಅವರ ಪರದೆಯಲ್ಲಿ ಷರಾದ ಕೆಳಗೆ ಒಂದು ಸಣ್ಣ ಸಾಲು ಮೂಡಿತು: 'ನೋಡಿದೆ. ರೋ. ಗಂ.'

ನದಾಫರು ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. ಏನೋ ಅನುಮಾನ ಬಂದು ಮೇಲಕ್ಕೆ ಸರಿ‍ಸುತ್ತ ಹೋದರು. ಸೆಪ್ಟೆಂಬರ್ ಇಪ್ಪತ್ತೇಳು, ಇಪ್ಪತ್ತಾರು, ಇಪ್ಪತ್ತೈದು, ಹಾಗೇ ನಾಲ್ಕರವರೆಗೆ. ಅವರ ಇಪ್ಪತ್ನಾಲ್ಕು ಷರಾಗಳಲ್ಲಿ ಒಂದೊಂದರ ಕೆಳಗೂ ನಾನು ಕೂತು ಕೈಯಾರೆ ಬರೆದಿದ್ದೆ: 'ತಡವಾಗಿ ನೋಡಿದೆ. ರೋ. ಗಂ.'

ಅವರು ಇಪ್ಪತ್ನಾಲ್ಕನ್ನೂ ಓದಿದರು. ಪಾಳಿಯಲ್ಲಿ ನಿಂತವರು ಗೊಣಗಿದರೂ ಅವಸರ ಮಾಡಲಿಲ್ಲ. ಆಮೇಲೆ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಮೊದಲು ಕಣ್ಣು, ಆಮೇಲೆ ಗಾಜು ಒರೆಸಿಕೊಂಡರು.

"ಅಷ್ಟ ಸಾಕ್ರಿ ಅಕ್ಕಾರ," ಎಂದರು. ಬಾಗಿಲ ಕಡೆ ತಿರುಗಿ, "ಹೂಂ, ಮುಂದಿನವ್ರು ಬರ್ರಿ," ಎಂದು ಕರೆದರು.